ಕನ್ನಡಿಯಲ್ಲಿ ಕಂಡ ಕೈ

ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಏಳೂವರೆ ಇರಬೇಕು, ಕ್ಷೌರದಂಗಡಿಯ ಬಾಗಿಲು ಆಗಷ್ಟೇ ತೆಗೆದಿತ್ತು. ಒಳಗೆ ಎರಡು ಕುರ್ಚಿ. ಒಂದು ಭಾವನದು, ಇನ್ನೊಂದು ಅವನ ಹೆಂಡತಿಯ ತಮ್ಮನದು. ಭಾವನ ಕೈ ನಡುಗಲು ಶುರುವಾದ ಮೇಲೆ, ಆರು ತಿಂಗಳಿಂದ ಅವನ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

"ಭಾವ, ನೀವು ಕತ್ತಿ ಹಿಡಿದ್ರೆ ಗಿರಾಕಿ ದೇವರನ್ನ ನೆನೀತಾನೆ," ಎಂದು ಮೈದುನ ರೇಗಿಸಿದ.

"ನೆನೀಲಿ ಬಿಡೋ. ನನ್ನಿಂದ ಅಷ್ಟಾದ್ರೂ ಪುಣ್ಯ ಆಗ್ಲಿ," ಎಂದು ಭಾವ ಟವೆಲ್ ಮಡಚುತ್ತ ಕೂತ.

ಆಗಲೇ ಹೊರಗೆ ಢಂ ಎಂದಿತು. ನಾಯಿ ತಪ್ಪಿಸಲು ಹೋದ ಕಾರೊಂದು ಎದುರಿನ ದೀಪದ ಕಂಬಕ್ಕೆ ಗುದ್ದಿತ್ತು. ಒಳಗೆ ಒಬ್ಬನೇ, ಮೂವತ್ತರ ಆಸುಪಾಸಿನವನು. ಇವರಿಬ್ಬರು ಓಡುವಷ್ಟರಲ್ಲಿ ಯಾರೋ ಬಾಗಿಲು ತೆಗೆದು, ಹೊರಗೆಳೆಯಲು ಅವನ ಕಂಕುಳಿಗೆ ಕೈ ಹಾಕಿಯೂ ಆಗಿತ್ತು.

"ಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ," ಎಂದ ಕಾರಿನವನು.

"ಕೈ ತೆಗೀರಿ!"

ಭಾವನ ಗಂಟಲಿಂದ ಅಂಥ ದನಿ ಬಂದದ್ದನ್ನು ಮೈದುನ ಎಂದೂ ಕೇಳಿರಲಿಲ್ಲ. ಹಿಂದೆಲ್ಲ ಭಾವ ಕ್ಷೌರ ಮುಗಿಸಿ ಗಿರಾಕಿಯ ಕತ್ತು ತಿರುವಿ ಲಟಕ್ಕೆನ್ನಿಸುತ್ತಿದ್ದ. ಒಬ್ಬ ಡಾಕ್ಟರು ಅದೇ ಕುರ್ಚಿಯಲ್ಲಿ ಕೂತು, ಕತ್ತಿನ ಮೂಳೆಯೊಳಗೆ ಕೈಕಾಲಿನ ಜೀವವೇ ಹಾದುಹೋಗುತ್ತದೆ ಎಂದ ದಿನವೇ ಅದನ್ನು ಬಿಟ್ಟಿದ್ದ.

"ಎಂಜಿನ್ ಆರಿಸು. ಆಂಬುಲೆನ್ಸಿಗೆ ಫೋನ್ ಮಾಡು. ನೀರುಗೀರು ಯಾರೂ ಕುಡಿಸ್ಬೇಡಿ," ಎನ್ನುತ್ತ ಭಾವ ಹಿಂದಿನ ಸೀಟಿಗೆ ಹತ್ತಿ, ಎರಡೂ ಕೈಯಿಂದ ಅವನ ತಲೆ ಹಿಡಿದ. ಥೇಟ್ ಕುರ್ಚಿಯ ಹಿಂದೆ ನಿಂತು ಹಿಡಿಯುವ ಹಾಗೆ.

ಫೋನ್ ಮಾಡಿ ಬಂದ ಮೈದುನ ಭಾವನ ಬೆರಳುಗಳನ್ನೇ ನೋಡಿದ. ಈ ಕೈ ನಡುಗಿದರೆ ಇವನು ಮತ್ತೆ ನಡೆದಾನೇ?

"ಭಾವ, ನಾನು ಹಿಡೀಲಾ?"

"ಈಗ ಕೈ ಬದಲಾಯಿಸೋ ಹಾಗಿಲ್ಲ ಕಣೋ."

ಕಾರಿನವನು, "ಯಾರು ನೀವು?" ಎಂದು ಹಿಂದೆ ತಿರುಗಲು ನೋಡಿದ.

"ತಿರುಗ್ಬೇಡಪ್ಪಾ. ಮೇಲೆ ಕನ್ನಡೀಲಿ ನೋಡು. ಕಂಡ್ನಾ? ಕಟಿಂಗ್ ಅಂಗಡಿಯವನು ನಾನು. ಯಾರಯ್ಯ ನಿನ್ನ ತಲೆ ಹೀಗೆ ಕೆಡಿಸಿದ್ದು? ಎಡಗಡೆ ಕೂದಲಲ್ಲಿ ಮೆಟ್ಟಲು ಬಿಟ್ಟಿದ್ದಾನೆ."

"ಹೆಂಡ್ತಿ... ಮನೇಲೇ..."

"ಹಾಗಾದ್ರೆ ಚೆನ್ನಾಗೇ ಇದೆ ಬಿಡು."

ಅಂಥ ಹೊತ್ತಿನಲ್ಲೂ ಅವನ ತುಟಿಯಂಚಿನಲ್ಲಿ ನಗು ಬಂತು.

ನಲವತ್ತು ನಿಮಿಷ. ಭಾವನ ಹುಬ್ಬಿನ ಮೇಲೆ ನೊಣ ಕೂತು, ಬೇಸರವಾಗಿ ಎದ್ದು ಹೋಯಿತು. ಚಹಾದ ಲೋಟ ತುಳುಕಿಸದೆ ಬಾಯಿಗೆ ತರಲಾರದ ಬೆರಳುಗಳು ಕಲ್ಲಿನಲ್ಲಿ ಕಡೆದ ಹಾಗೆ ಇದ್ದವು. ಮೈದುನ ಗಟ್ಟಿಯಾಗಿ ಉಸಿರು ಬಿಡಲೂ ಹೆದರಿ ನಿಂತ.

ಆಂಬುಲೆನ್ಸಿನವರು ಬಂದು ಕತ್ತಿಗೆ ಪಟ್ಟಿ ಬಿಗಿದು, "ಇನ್ನು ಬಿಡಿ ಅಜ್ಜ," ಎಂದರು. ಬೆರಳು ಬಿಡಲಿಲ್ಲ. ಮೈದುನ ಒಂದೊಂದಾಗಿ ಬಿಡಿಸಬೇಕಾಯಿತು. ಕೆಳಗಿಳಿಯುತ್ತಲೇ ಅವು ಮತ್ತೆ ನಡುಗತೊಡಗಿದವು.

"ಎಲ್ಲಿತ್ತು ಭಾವ ಆ ಗಟ್ಟಿ ಕೈ, ಇಷ್ಟು ದಿನ?"

"ನಂಗೇನು ಗೊತ್ತೋ. ತಲೆ ಕೈಗೆ ಬಂತು, ಹಿಡ್ಕೊಂಡೆ."

ಬೇಸಿಗೆ ಕಳೆಯುವ ಹೊತ್ತಿಗೆ ಕಾರಿನವನು ಕೋಲೂರಿಕೊಂಡು ಬಂದ. ಕತ್ತು ಕೂದಲೆಳೆಯಷ್ಟು ತಿರುಗಿದ್ದರೂ ಮಲಗಿದಲ್ಲೇ ಮಲಗಿರಬೇಕಿತ್ತು ಎಂದಿದ್ದರಂತೆ ಆಸ್ಪತ್ರೆಯವರು. ಸೀದಾ ಭಾವನ ಕುರ್ಚಿಯಲ್ಲೇ ಕೂತ.

"ಎಡಗಡೆ ಮೆಟ್ಟಲು ಸರಿ ಮಾಡಿ ಅಜ್ಜ."

"ನನ್ನ ಕೈ ನೋಡಪ್ಪಾ, ಹೇಗಿದೆ."

"ನೋಡಿದ್ದೀನಿ. ಕನ್ನಡೀಲಿ."

ಭಾವ ಕತ್ತರಿ ಎತ್ತಿಕೊಂಡ. ಕೈ ನಡುಗಿತು, ಆದರೆ ಕುರ್ಚಿಯಲ್ಲಿದ್ದವನು ಅಲುಗಲಿಲ್ಲ. ಒಂದಿದ್ದ ಮೆಟ್ಟಲು ಎರಡಾದವು. ಅವನು ಕನ್ನಡಿ ನೋಡಿ, "ಹೆಂಡ್ತಿಗಿಂತ ಪರವಾಗಿಲ್ಲ," ಎಂದ. ಆಮೇಲೆ ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡು, ರಸ್ತೆ ದಾಟಿ, ಆ ಕಂಬದ ಪಕ್ಕದಿಂದಲೇ ತನ್ನ ಕಾಲಿನ ಮೇಲೆ ನಡೆದು ಹೋದ.