ಮೂವತ್ತರ ಮೇಲೊಂದು

ಆಷಾಢದ ಆ ಗುರುವಾರ ಬೆಳಿಗ್ಗೆ ಕೊಪ್ಪಳದ ಮೇಲೆ ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಮಳೆಯಿಲ್ಲ, ಮೋಡಗಳು ಗುಡ್ಡದ ಬಂಡೆಗಳನ್ನು ಸವರಿಕೊಂಡು ಮೂಡಣಕ್ಕೆ ಓಡುತ್ತಿದ್ದವು. ಬೆಳಕಿನ ಮನೆ ಕಣ್ಣಾಸ್ಪತ್ರೆಯ ಪಡಸಾಲೆಯಲ್ಲಿ ತಳಕಲ್ಲಿನ ಅಜ್ಜನೊಬ್ಬನ ರುಮಾಲು ಬಿಚ್ಚಿ ಹಾರಿ, ಯಲಬುರ್ಗಾ ಕಡೆಯ ಮಂಗಳೂರಿನ ಅಜ್ಜಿಯ ಮುಖಕ್ಕೆ ಸುತ್ತಿಕೊಂಡಿತು. ಕಣ್ಣಿಗೆ ಹನಿ ಹಾಕಿಸಿಕೊಂಡು ಲೋಕವೆಲ್ಲ ಮಸುಕಾಗಿದ್ದ ಆಕೆ, ತನ್ನ ಸೆರಗೇ ಇರಬೇಕೆಂದು ಅದನ್ನು ತಲೆಗೆ ಹೊದ್ದು ಕುಳಿತಳು. ಅಜ್ಜನಿಗೂ ಹನಿ ಹಾಕಿದ್ದರು. ಹೀಗಾಗಿ ರುಮಾಲು ಎಲ್ಲಿ ಹೋಯಿತೆಂದು ಅವನಿಗೆ ತಿಳಿಯಲಿಲ್ಲ, ಎಲ್ಲಿಂದ ಬಂತೆಂದು ಇವಳಿಗೆ ತಿಳಿಯಲಿಲ್ಲ.

ಗಾಳಿಯ ಸದ್ದು ಕೇಳದ ಕೋಣೆ ಆ ಆಸ್ಪತ್ರೆಯಲ್ಲಿ ಒಂದೇ ಇತ್ತು. ಅದು ಮಷೀನು ರೂಮು, ಮತ್ತು ಅದರ ಒಡೆಯ ಹೊನ್ನೂರಪ್ಪ. ಒಡೆಯನೆಂದರೆ ಕಾವಲುಗಾರನೆಂದೇ ಅರ್ಥ. ಆದರೆ ಹನ್ನೊಂದು ವರ್ಷ ಒಂದೇ ಬಾಗಿಲನ್ನು ದಿನಾ ಬೆಳಿಗ್ಗೆ ಕೈಮುಗಿದು ತೆರೆದವನಿಗೆ ಬೇರೆ ಹೆಸರು ಕೊಡುವುದು ಕಷ್ಟ. ಚಪ್ಪಲಿ ಹೊರಗೆ ಬಿಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡೇ ಅವನು ಒಳಗೆ ಕಾಲಿಡುತ್ತಿದ್ದ. ಒಳಗೆ ಒಂದು ಸರ್ವರು, ಅದರ ಕೆಳಗೆ ಸಾಲಾಗಿ ಡಿಸ್ಕು ತುಂಬಿದ ಒಂದು ಸ್ಟೋರೇಜು ಪೆಟ್ಟಿಗೆ. ಆ ಪೆಟ್ಟಿಗೆಗೆ ಹೊನ್ನೂರಪ್ಪ ಕಣಜ ಎಂದು ಹೆಸರಿಟ್ಟಿದ್ದ. ಆಸ್ಪತ್ರೆಯಲ್ಲಿ ತೆಗೆದ ಪ್ರತಿಯೊಂದು ಕಣ್ಣಿನ ಚಿತ್ರವೂ ಆ ಕಣಜಕ್ಕೆ ಹೋಗಿ ಬೀಳುತ್ತಿತ್ತು. ಡಾಕ್ಟರು ಕೇಳಿದಾಗ ಅಲ್ಲಿಂದಲೇ ಬರುತ್ತಿತ್ತು.

ಸರ್ವರಿಗೂ ಕಣಜಕ್ಕೂ ನಡುವೆ ಎರಡು ಗಾಜಿನ ಕೇಬಲ್ಲುಗಳು. ಸರ್ವರಿನ ಬೆನ್ನಿಗೆ ಅಂಗೈಯಗಲದ ಎರಡು ಅಡಾಪ್ಟರು ಕಾರ್ಡು. ಒಂದೊಂದರಿಂದ ಒಂದೊಂದು ಕೇಬಲ್ಲು. ಒಂದು ದಾರಿ ಮುರಿದರೆ ಇನ್ನೊಂದು ದಾರಿಯಿಂದ ಕೆಲಸ ಸಾಗಲಿ ಎಂದು ಈ ಏರ್ಪಾಡು. ಆದರೆ ಮುರಿದ ದಾರಿಗಾಗಿ ಎಷ್ಟು ಹೊತ್ತು ಕಾಯಬೇಕು, ಎಷ್ಟು ಹೊತ್ತಾದ ಮೇಲೆ ಆಸೆ ಬಿಡಬೇಕು ಎಂಬುದನ್ನು ಕಾರ್ಡು ತಾನಾಗಿ ಅರಿಯದು. ಕಾರ್ಡನ್ನು ನಡೆಸುವ ಡ್ರೈವರು ಎಂಬ ಸಣ್ಣ ಪ್ರೋಗ್ರಾಮಿಗೆ ಒಂದು ಅಂಕಿ ಬರೆದುಕೊಡಬೇಕು. ಯಂತ್ರಕ್ಕೆ ತಾಳ್ಮೆ ಎಷ್ಟಿರಬೇಕೆಂದು ಮನುಷ್ಯನೇ ಬರೆದುಕೊಡುವ ಕಾಲವನ್ನೂ ದೇವರು ತೋರಿಸಿದ್ದಾನೆ.

ಆ ದಿನ ಹನ್ನೊಂದು ಗಂಟೆಗೆ ಪರೀಕ್ಷೆ. ಟ್ರಸ್ಟಿನಿಂದ ಸಹನಾ ಮೇಡಂ ಬಂದು, ಕೆಲಸ ನಡೆದಿರುವಾಗಲೇ ತಮ್ಮ ಕೈಯಿಂದ ಒಂದು ಕೇಬಲ್ಲು ಕೀಳುವವರಿದ್ದರು. ನಲವತ್ತೈದು ಸೆಕೆಂಡಿನೊಳಗೆ ಚಿತ್ರಗಳು ಮತ್ತೆ ಬಂದರೆ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಕಣ್ಣಿನ ಶಿಬಿರಗಳೆಲ್ಲ ಇದೇ ಕೋಣೆಯಿಂದ ನಡೆಯುತ್ತವೆ. ಬಾರದಿದ್ದರೆ ಕಣಜ ಹುಬ್ಬಳ್ಳಿಯ ಒಂದು ಕಂಪನಿಗೆ ಹೋಗುತ್ತದೆ, ಕೋಣೆ ಚಶ್ಮಾದ ಅಂಗಡಿಯಾಗುತ್ತದೆ, ಹೊನ್ನೂರಪ್ಪ ಗೇಟಿನಲ್ಲಿ ಚೀಟಿ ಹರಿಯುತ್ತಾನೆ. ಇದನ್ನು ಅವನಿಗೆ ಯಾರೂ ಮುಚ್ಚಿಟ್ಟಿರಲಿಲ್ಲ.

ಅವನಿಗೆ ಅಂಜಿಕೆಯೂ ಇರಲಿಲ್ಲ. ಕಾರ್ಡು ಕೂಡಿಸಿ, ಡ್ರೈವರಿಗೆ ಅಂಕಿ ಬರೆದು, ಎಲ್ಲವನ್ನೂ ಅವನಿಗೆ ಕಲಿಸಿಕೊಟ್ಟಿದ್ದವಳು ಮೆಹಜಬೀನ. ಗಂಗಾವತಿಯ ಕಲಾಯಿ ಯಮನೂರಸಾಬರ ಮಗಳು. ಅಪ್ಪ ಪಾತ್ರೆಗೆ ತವರ ಹಚ್ಚಿದಷ್ಟೇ ನಯವಾಗಿ ಮಗಳು ಸರ್ವರು ಜೋಡಿಸುತ್ತಾಳೆಂದು ಜನ ಹೇಳುತ್ತಿದ್ದರು. ಆಕೆ ಒಂಬತ್ತಕ್ಕೆ ಬಸ್ಸಿಳಿದು ಬಂದಳು. ಗಾಳಿಗೆ ದುಪಟ್ಟಾ ಕೊರಳಿಗೆ ಮೂರು ಸುತ್ತು ಬಿದ್ದಿತ್ತು. ಮೇಡಂ ಬರುವ ಮೊದಲು ಒಮ್ಮೆ ನಾವೇ ಕಿತ್ತು ನೋಡೋಣ ಎಂದಳು.

ಕಿತ್ತರು. ಹೊರಗೆ ಚಿತ್ರ ತೆಗೆಯುವ ನರ್ಸು ಕಸ್ತೂರೆಮ್ಮನ ಪರದೆ ಹಾಗೇ ನಿಂತುಬಿಟ್ಟಿತು. ಮೂವತ್ತು ಸೆಕೆಂಡಿನ ಆಸುಪಾಸಿಗೆ ಚಿತ್ರ ಮತ್ತೆ ಬರಬೇಕಿತ್ತು. ನಲವತ್ತಾಯಿತು, ಅರವತ್ತಾಯಿತು. ಕಸ್ತೂರೆಮ್ಮ ಕಿಂಡಿಯಿಂದ ಮುಖ ಹಾಕಿ, ಮರಳಿ ಊರಿನ ಒಬ್ಬ ರೈತನ ಕಣ್ಣು ತನ್ನ ಪರದೆಯ ಮೇಲೆ ತನ್ನನ್ನೇ ದಿಟ್ಟಿಸಿ ನೋಡುತ್ತಿದೆ, ಮುಚ್ಚುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ, ಮದುವೆಗೆ ಹೆಣ್ಣು ನೋಡಲು ಬಂದವರೂ ಹೀಗೆ ನೋಡಿರಲಿಲ್ಲ ಎಂದು ದೂರಿದಳು. ನೂರಾ ನಾಲ್ಕಕ್ಕೆ ಪರದೆ ಚಲಿಸಿತು.

ಮೆಹಜಬೀನ ಕೇಬಲ್ಲಿನ ತುದಿ ಒರೆಸಿದಳು, ಕಾರ್ಡಿನಲ್ಲಿ ಅದು ಕೂಡುವ ಜಾಗ ಬದಲಿಸಿದಳು, ಮತ್ತೆ ಕಿತ್ತಳು. ನೂರಾ ನಾಲ್ಕು. ಇನ್ನೊಂದು ಕೇಬಲ್ಲು ಕಿತ್ತಳು. ನೂರಾ ನಾಲ್ಕು. ಅವಳ ಕೈ ಅಲ್ಲಿಗೇ ನಿಂತಿತು. ಕೆಟ್ಟ ಕೇಬಲ್ಲು ಇಷ್ಟು ಕರಾರುವಾಕ್ಕಾಗಿ ಕೆಡುವುದಿಲ್ಲ. ಇದು ಯಾರೋ ಹೇಳಿಕೊಟ್ಟ ಕಾಯುವಿಕೆ. ಅವಳು ಡ್ರೈವರಿನ ಫೈಲು ತೆರೆದಳು. ದಾರಿ ಮುರಿದರೆ ಕಾಯಬೇಕಾದ ಸೆಕೆಂಡು: ನೂರಾ ಒಂದು. ಮೇಲಿನ ಮೂರು ಸೆಕೆಂಡು ದಾರಿ ಬದಲಿಸಲು ಹಿಡಿದದ್ದು. ಅದರ ಕೆಳಗೆ, ಕಣಜಕ್ಕೆ ಒಮ್ಮೆಗೆ ಕಳಿಸಬಹುದಾದ ಕೋರಿಕೆಗಳು: ಐನೂರಾ ಒಂದು. ಅವಳು ಬರೆದದ್ದು ಮೂವತ್ತು ಮತ್ತು ಮೂವತ್ತೆರಡು.

ಹಿಂದೆ ನಿಂತಿದ್ದ ಹೊನ್ನೂರಪ್ಪನ ಮುಖದಲ್ಲಿ, ತನ್ನ ಅಕ್ಷರವನ್ನು ಮೇಷ್ಟ್ರು ಓದುವಾಗ ಮಗುವಿಗೆ ಇರುವಂಥ ಸಂತೋಷವಿತ್ತು.

"ನೋಡಿದೇನ್ ಬೇಟಿ? ಸೋಮವಾರ ನಾನ ಬರದೆ. ಜಳಕಾ ಮಾಡಿ, ದೇವ್ರಿಗೆ ಕೈ ಮುಗದು. ಸರ್ವರ್ನೂ ಒಮ್ಮೆ ಮಲಗ್ಸಿ ಎಬ್ಸೀನಿ."

ಯಾಕೆಂದು ಅವಳು ಕೇಳಿದಳು. ಅವನು ನಿಧಾನವಾಗಿ, ಗುಟ್ಟನ್ನು ಬಿಟ್ಟುಕೊಡುವವನಂತೆ ತಿಳಿಸಿದ. ಮೂವತ್ತು ಸೊನ್ನೆಗೆ ಮುಗಿಯುತ್ತದೆ. ಮದುವೆಯಲ್ಲಿ ಆಯೇರಿ ಮಾಡುವಾಗ ಯಾರೂ ನೂರು ಕೊಡುವುದಿಲ್ಲ, ನೂರಾ ಒಂದು ಕೊಡುತ್ತಾರೆ; ಮೇಲಿನ ಆ ಒಂದು ಮುಂದೆ ಬೆಳೆಯಲೆಂದು. ಹೊಸ ಕೆಲಸಕ್ಕೆ ಸೊನ್ನೆಯ ಅಂಕಿ ಇಟ್ಟರೆ ಅಲ್ಲಿಗೇ ಮುಗಿದಂತೆ. ಮತ್ತೆ, ಕೂಡಿಸುವುದೇ ಆದರೆ ಮೂವತ್ತೊಂದಕ್ಕೇ ಯಾಕೆ ಕೈ ಬಿಗಿ ಹಿಡಿಯಬೇಕು, ಧಾರಾಳವಾಗಿ ನೂರಾ ಒಂದು, ಐನೂರಾ ಒಂದು ಇಟ್ಟೆ. ಇವರು ಒಳ್ಳೆಯ ಯಂತ್ರಗಳು, ಇವರಿಗೇನು ಕಡಿಮೆ ಮಾಡಬೇಕು.

ಮೆಹಜಬೀನಳ ಹೊಟ್ಟೆಯೊಳಗಿಂದ ನಗು ಎದ್ದಿತು. ಪರೀಕ್ಷೆಗೆ ಒಂದು ತಾಸೂ ಉಳಿದಿರಲಿಲ್ಲ. ಅದನ್ನು ನೆನೆದರೆ ನಗು ಇನ್ನೂ ಹೆಚ್ಚಾಯಿತು. ಅವಳು ರ‍್ಯಾಕು ಹಿಡಿದುಕೊಂಡು ಕುಳಿತಳು.

"ಕಾಕಾ, ಮಠದಾಗ ದಾಸೋಹಕ್ಕ ಬಡಸಾಕ ಹೋಗ್ತೀರಲ್ಲ. ಬಡಸಾವ ಒಬ್ನ ಇದ್ರ ಒಂದ ಪಂಕ್ತಿಗೆ ಎಷ್ಟ ಎಲಿ ಹಾಕ್ತೀರಿ?"

"ಮೂವತ್ತು. ಭಾಳ ಅಂದ್ರ ಮೂವತ್ತೈದು."

"ಐನೂರಾ ಒಂದು ಹಾಕಿ ಕುಂದ್ರಿಸಿದ್ರ?"

ಹೊನ್ನೂರಪ್ಪ ಆ ಪಂಕ್ತಿಯನ್ನು ಮನಸ್ಸಿನಲ್ಲೇ ನಡೆದು ನೋಡಿದ. ಅವನ ಮುಖದ ಸಂತೋಷ ಮೆಲ್ಲಗೆ ಇಳಿಯಿತು.

"ಮೊದಲನೇವಗ ಸಾರು ಹಾಕೂದ್ರಾಗ ಅನ್ನ ಆರಿರತೈತಿ. ಕಡೀಯವ ಎದ್ದ ಹೋಗಿರ್ತಾನ." ಆಮೇಲೆ ಕೇಳಿದ, "ಸೋಮವಾರದಿಂದ ಡಾಕ್ಟರು ಬೈಯಾಕತ್ಯಾರಲ್ಲ, ಚಿತ್ರಾ ಲಗೂನ ಬರವಲ್ವು ಅಂತ. ಅದು ನನ್ನಿಂದನ ಏನು?"

ಅವಳು ಎದ್ದು ನಿಂತಳು. ಕೆಲಸವಿದೆ, ಬನ್ನಿ ಎಂದಳು.

ಡ್ರೈವರಿನ ಅಂಕಿ ಬದಲಿಸುವುದು ಕ್ಷಣದ ಕೆಲಸ. ಆದರೆ ಸರ್ವರು ಒಮ್ಮೆ ಮಲಗಿ ಎದ್ದರೆ ಮಾತ್ರ ಹೊಸ ಅಂಕಿ ಅದಕ್ಕೆ ಹತ್ತುತ್ತದೆ, ಮತ್ತು ಆ ಸರ್ವರು ಏಳಲು ಹನ್ನೆರಡು ನಿಮಿಷ ಬೇಕು. ಅಷ್ಟು ಹೊತ್ತು ಒಂದು ಚಿತ್ರವನ್ನೂ ತೆಗೆಯುವಂತಿಲ್ಲ. ಹೊರಗೆ ಅರವತ್ತು ಮಂದಿ ಮಸುಕು ಕಣ್ಣಿನವರು. ಅವರನ್ನು ನನಗೆ ಬಿಡಿ ಎಂದಳು ಕಸ್ತೂರೆಮ್ಮ. ಪಡಸಾಲೆಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿ ಯಾರ ತಲೆಯ ಮೇಲೆ ಯಾರ ಬಟ್ಟೆ ಇದೆ? ಅಷ್ಟು ಸಾಕಾಯಿತು. ಅಜ್ಜ ತನ್ನ ರುಮಾಲಿಗಾಗಿ ತಡಕಾಡುತ್ತ ಒಬ್ಬೊಬ್ಬರ ತಲೆ ಮುಟ್ಟಿ ನೋಡುತ್ತ ಹೊರಟ. ತಲೆ ಮುಟ್ಟಿಸಿಕೊಂಡವರು ಆಶೀರ್ವಾದವೆಂದು ಕೈಮುಗಿದರು. ನಗು ಕುರ್ಚಿಯಿಂದ ಕುರ್ಚಿಗೆ ಹರಿಯಿತು.

ಒಳಗೆ ಮೆಹಜಬೀನ ಅಂಕಿ ಬರೆಯಲು ಕೂತಿದ್ದಳು. ಮೂವತ್ತು ಎಂದು ಒತ್ತಿದಳು. ಹಿಂದಿನಿಂದ ಒಂದು ನಿಟ್ಟುಸಿರು ಕೇಳಿತು. ಅವಳು ತಿರುಗಲಿಲ್ಲ. ಮೂವತ್ತೊಂದು ಸೆಕೆಂಡಿನಿಂದ ಯಾವ ಯಂತ್ರಕ್ಕೂ ಕೇಡಿಲ್ಲವೆಂದು ಅವಳಿಗೆ ತಿಳಿದಿತ್ತು. ಅವಳ ಅಪ್ಪನೂ ಕಲಾಯಿ ಮಾಡಿದ ಪಾತ್ರೆ ಕೊಡುವಾಗ ಒಳಗೆ ಒಂದು ಕಾಳು ಅಕ್ಕಿ ಹಾಕದೆ ಕೊಟ್ಟವರಲ್ಲ. ಸೊನ್ನೆಯನ್ನು ಅಳಿಸಿ ಒಂದನ್ನು ಬರೆದಳು. ಕೆಳಗಿನದು ಮೂವತ್ತೆರಡೇ ಇರಲಿ, ಅದು ಸೊನ್ನೆಗೆ ಮುಗಿಯುವುದಿಲ್ಲವಲ್ಲ ಎಂದಳು. ಹೊನ್ನೂರಪ್ಪ ಅದನ್ನು ನ್ಯಾಯವೆಂದು ಒಪ್ಪಿದ.

ಸರ್ವರು ಎದ್ದಾಗ ಹನ್ನೊಂದಕ್ಕೆ ಐದು ನಿಮಿಷ. ಇನ್ನೊಮ್ಮೆ ಕಿತ್ತು ನೋಡಲು ಹೊತ್ತಿರಲಿಲ್ಲ. ಸಹನಾ ಮೇಡಂ ಬಾಗಿಲಲ್ಲಿದ್ದರು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಹೊನ್ನೂರಪ್ಪನ ಸಲುವಾಗಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಎಡಗಡೆಯ ಕೇಬಲ್ಲು ತೋರಿಸಿ, ಇದೇ ತಾನೇ ಎಂದರು, ಕಿತ್ತೇಬಿಟ್ಟರು.

ಹೊನ್ನೂರಪ್ಪ ಗಟ್ಟಿಯಾಗಿ ಎಣಿಸತೊಡಗಿದ. ಅವನ ದನಿ ದಾಸೋಹದ ಪಂಕ್ತಿಯಲ್ಲಿ ಬೆಳೆದದ್ದು. ಕಿಂಡಿ ದಾಟಿ ಪಡಸಾಲೆಗೆ ಹೋಯಿತು. ಹತ್ತಕ್ಕೆ ಬರುವಷ್ಟರಲ್ಲಿ ಹೊರಗಿನ ಯಾರೋ ಒಬ್ಬರು ಜೊತೆಗೂಡಿದರು. ಕಾಣದವರಿಗೆ ಎಣಿಕೆಯೊಂದು ಹಿಡಿದುಕೊಳ್ಳಲು ಸಿಕ್ಕ ಹಗ್ಗದಂತೆ. ಹದಿನೈದಕ್ಕೆ ತಳಕಲ್ಲು ಸೇರಿತು, ಇಪ್ಪತ್ತಕ್ಕೆ ಮಂಗಳೂರು, ಮರಳಿಯವನು ತೆಲುಗಿನಲ್ಲಿ ಎಣಿಸುತ್ತಿದ್ದರೂ ತಾಳ ತಪ್ಪಲಿಲ್ಲ. ಏನನ್ನು ಎಣಿಸುತ್ತಿದ್ದೇವೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅರವತ್ತು ಗಂಟಲುಗಳಿಂದ ಅಂಕಿಗಳು ನಾಮಸ್ಮರಣೆಯಂತೆ ಏಳುತ್ತಿದ್ದವು. ಮೂವತ್ತು. ಮೂವತ್ತೊಂದು. ಪರದೆ ಅಲ್ಲಾಡಲಿಲ್ಲ. ಮೂವತ್ತೆರಡರಲ್ಲಿ ಹೊನ್ನೂರಪ್ಪನ ದನಿ ನಿಂತಿತು, ಆದರೆ ಪಡಸಾಲೆ ನಿಲ್ಲಲಿಲ್ಲ. ಅದು ಅವನನ್ನು ಎತ್ತಿಕೊಂಡು ಮುಂದೆ ನಡೆಯಿತು. ಮೂವತ್ತಮೂರು. ಮೂವತ್ತನಾಲ್ಕು.

"ಬಂತ್ರಿ," ಎಂದಳು ಕಸ್ತೂರೆಮ್ಮ. "ಮರಳಿಯವರ ಕಣ್ಣ ಹೋತು, ಹೊಳಿಯಮ್ಮನ ಕಣ್ಣ ಬಂತು."

ಪಡಸಾಲೆಯಲ್ಲಿ ಚಪ್ಪಾಳೆ ಬಿತ್ತು. ಹೊಳಿಯಮ್ಮನೆಂದರೆ ರುಮಾಲು ಹೊದ್ದ ಅಜ್ಜಿ. ತನ್ನ ಕಣ್ಣಿಗೆ ಇಷ್ಟು ಮರ್ಯಾದೆ ಇದೆಯೆಂದು ಆಕೆ ಮೊದಲ ಸಲ ಕೇಳಿದಳು. ಹೊನ್ನೂರಪ್ಪ ಅಡುಗೆಮನೆಗೆ ಓಡಿ ಸಕ್ಕರೆಯ ಡಬ್ಬಿ ತಂದು, ಸಿಕ್ಕಿದವರ ಬಾಯಿಗೆ ಸಕ್ಕರೆ ಹಾಕುತ್ತ ನಡೆದ. ಕಾಣದವರು ಬಾಯಿ ತೆರೆದೇ ಕುಳಿತಿದ್ದರು.

ಎಲ್ಲರಿಗೂ ಹಾಕಿ, ಉಳಿದ ಎರಡು ಚಿಟಿಕೆಯೊಂದಿಗೆ ಅವನು ಮಷೀನು ರೂಮಿನ ಬಾಗಿಲಿಗೆ ಬಂದಾಗ ಸಹನಾ ಮೇಡಂ ತಾವು ಬರೆದ ವರದಿಯನ್ನು ಮೆಹಜಬೀನಳಿಗೆ ಓದಿ ಹೇಳುತ್ತಿದ್ದರು. ಪರೀಕ್ಷೆ ಪಾಸು, ಕೋಣೆ ಇಲ್ಲೇ ಉಳಿಯಲಿ. ಆದರೆ ಸೋಮವಾರದಿಂದ ಇಂದು ಬೆಳಗಿನವರೆಗೆ ಚಿತ್ರಗಳು ತಡವಾಗಿ ರೋಗಿಗಳಿಗೆ ತೊಂದರೆಯಾಗಿದೆ. ಸೆಟ್ಟಿಂಗು ಮಾಡಿದವರು ಅಜಾಗರೂಕತೆಯಿಂದ ಮಾಡಿದ್ದಾರೆ. ಗಂಗಾವತಿ, ಕುಷ್ಟಗಿಯ ಶಿಬಿರಗಳ ಕೆಲಸ ಇವರಿಗೆ ಕೊಡಬಾರದು. ಇದಕ್ಕೆ ನಿಮ್ಮದೇನಾದರೂ ಹೇಳುವುದಿದೆಯೇ ಎಂದು ಮೇಡಂ ಕೇಳಿದರು.

ಮೆಹಜಬೀನ ಕಣಜದ ಕಡೆ ನೋಡಿದಳು, ಅದರ ಮೇಲೆ ಹೊನ್ನೂರಪ್ಪ ಎಳೆದಿದ್ದ ವಿಭೂತಿಯ ಮೂರು ಗೆರೆ ನೋಡಿದಳು. ಬಾಗಿಲಲ್ಲಿದ್ದವನನ್ನು ನೋಡಲಿಲ್ಲ.

"ಏನಿಲ್ರಿ ಮೇಡಂ. ಹಂಗ ಇರ್ಲಿ," ಎಂದು ಚೀಲ ತೆಗೆದುಕೊಂಡು ಕಸ್ತೂರೆಮ್ಮನ ಕಡೆ ಹೊರಟಳು.

ಹೊನ್ನೂರಪ್ಪನ ಅಂಗೈಯಲ್ಲಿ ಸಕ್ಕರೆ ಕರಗತೊಡಗಿತು. ಬಾಯಿ ತೆರೆದರೆ ಏನು ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಹನ್ನೊಂದು ವರ್ಷದ ತಂಪು, ಆ ಸಣ್ಣ ಹಸಿರು ದೀಪಗಳು, ಆ ಬಾಗಿಲು. ಅವನು ಕೈ ತೊಳೆದುಕೊಂಡು ಬಂದ. ಕೋಣೆಯ ದಾಖಲೆ ಪುಸ್ತಕ ತೆರೆದು, ಸೋಮವಾರದ ತಾರೀಖು ಹಾಕಿ, ಅಂಕಿಗಳನ್ನು ತಾನೇ ಬದಲಿಸಿದ್ದೆಂದು ದುಂಡಗೆ ಬರೆದು, ಹೆಸರು ಬರೆದು, ಮೇಡಂ ಮುಂದೆ ಇಟ್ಟ.

ಅವರು ಎರಡು ಸಲ ಓದಿದರು. ಇದನ್ನು ಟ್ರಸ್ಟಿನವರು ಓದಿದರೆ ಏನಾಗುತ್ತದೆ ಗೊತ್ತೇ ಎಂದು ಕೇಳಿದರು.

"ಗೊತ್ತೈತ್ರಿ. ಕೀಲಿ ಬೇಕಂದ್ರ ಈಗ ಕೊಡ್ತೀನಿ. ಆ ಹುಡಿಗೀ ಹೆಸರ ಮಾತ್ರ ಇದರಾಗ ಬ್ಯಾಡ್ರಿ."

ನೂರಾ ಒಂದೇ ಯಾಕೆ ಎಂದು ಅವರು ಕೇಳಿದರು. ಅವನು ಹೇಳಿದ. ಮಾತು ಕಡಿಮೆಯ ಆ ಹೆಂಗಸು ಕಿಟಕಿಯಿಲ್ಲದ ಗೋಡೆಯ ಕಡೆ ತಿರುಗಿ ನಿಂತರು. ಅವರ ಬೆನ್ನು ನಗುವಿಗೆ ಬಹಳ ಹೊತ್ತು ಕುಲುಕಿತು. ಪಾಸಾದದ್ದು ಪಾಸಾಯಿತು ಎಂದರು ಆಮೇಲೆ, ಕಣ್ಣೊರೆಸಿಕೊಂಡು. ಕೀಲಿ ಇವನ ಹತ್ತಿರವೇ ಇರಲಿ. ಇನ್ನು ಮುಂದೆ ಅಂಕಿ ಬದಲಿಸುವಾಗ ಇಬ್ಬರ ಸಹಿ ಇರಬೇಕು. ಹಳೆಯ ವರದಿ ಹರಿದು, ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದರು. ಸೆಟ್ಟಿಂಗು ಮಾಡಿದವರ ಹೆಸರಿನ ಮುಂದೆ, ಕೆಲಸ ಚೊಕ್ಕಟವಾಗಿದೆ, ಮೂರೂ ತಾಲೂಕಿನ ಶಿಬಿರಗಳಿಗೆ ಇವರನ್ನೇ ಕರೆಯುವುದು ಎಂದು ಬರೆದು ಸಹಿ ಮಾಡಿದರು.

ಹೊನ್ನೂರಪ್ಪ ಆ ಹಾಳೆಯ ಒಂದು ಪ್ರತಿಯನ್ನು ಇಸಿದುಕೊಂಡು ಪಡಸಾಲೆಗೆ ಬಂದ. ಮೆಹಜಬೀನ ಹೊಳಿಯಮ್ಮನ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಳು. ಅವನು ಹಾಳೆಯನ್ನು ನೆಟ್ಟಗೆ ಮಾಡಿ, ಅವಳ ಹೆಸರಿದ್ದ ಕಡೆ ಮೇಲಾಗುವಂತೆ, ಎರಡೂ ಕೈಯಿಂದ ಅವಳ ಕೈಗೆ ಕೊಟ್ಟ.