ಹಳದಿಯೋ, ಬಿಸಿಲೋ

ಹಳದಿಯೋ ಬಿಸಿಲೋ — ರೊಟ್ಟಿ ತಟ್ಟುತ್ತಿದ್ದ ನಾಗರತ್ನಾಳ ಕೈ ನಿಂತಿತು, ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ಮಗಳು ಪ್ರೀತಿಯ ಕಣ್ಣಂಚಿನಲ್ಲಿ ಏನೋ ಕಂಡಂತಾಯಿತು, ಬಿಸಿಲೇ ಇರಬೇಕು, ಇಳಕಲ್ಲಿನ ಬಿಸಿಲು ಮುಂಜಾನೆಯೇ ಹೀಗೆ, ಆದರೂ ಬಾ ಇಲ್ಲೆ, ಮ್ಯಾಲ ನೋಡು, ಕೆಳಗ ನೋಡು, ಹಿಟ್ಟಿನ ಬೆರಳು ತಾಗದಂತೆ ಮುಂಗೈಯಿಂದ ಗಲ್ಲ ಎತ್ತಿದಳು — ಬಿಳಿ, ಹಸಿ ಕೊಬ್ಬರಿಯ ಬಿಳಿ, ಹೋಗು, ಬಾಯಿ ತೊಳಕೋ, ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಇರಲಿ, ಕರಕಲು ತನಗೆ. ದವಾಖಾನೆಯಲ್ಲಿ ಕೂಸಿನ ರಕ್ತ ಚೊಕ್ಕ ಐತ್ರಿ ಅಂದಿದ್ದಾರೆ, ಲಸಿಕೆಯೂ ಆಗಿದೆ, ಆದರೂ ಮನಸ್ಸು ಕೇಳುವುದಿಲ್ಲ, ದಿನಾ ಕಣ್ಣು ನೋಡುತ್ತದೆ, ಕಣ್ಣನ್ನು ನಂಬಿಯೇ ಅಲ್ಲವೇ ಗಂಡ ಶ್ರೀಶೈಲ ತೀರಿಹೋದದ್ದು — ಅವನಿಗೆ ಕಾಮಣಿಯಾಗಿ ಕಣ್ಣು ಹಳದಿಗಟ್ಟಿದಾಗ ಅತ್ತೆ ಸಾವಿತ್ರೆವ್ವ ಐಹೊಳೆ ಕಡೆಯ ಮುದುಕನೊಬ್ಬನಿಂದ ಮುಂಗೈಗೆ ಕಾದ ಕಬ್ಬಿಣದ ಚುಟಿಗೆ ಹಾಕಿಸಿದಳು, ಕೆಲವೇ ದಿನದಲ್ಲಿ ಹಳದಿ ಇಳಿಯಿತು, ಆ ಖುಷಿಗೆ ಅವನು ಅಮೀನಗಡದಿಂದ ಕರದಂಟು ತಂದ, ತಿನ್ನು ನಾಗಿ, ನಾ ಅಷ್ಟ ಲಗೂ ಹೋಗಾಂವಲ್ಲ, ನಿನ್ನ ಇನ್ನೂ ಭಾಳ ಕಾಡೋದೈತಿ, ನಕ್ಕಿದ್ದಳು, ಅಂಟು ಹಲ್ಲಿಗೆ ಹತ್ತಿತ್ತು — ಎರಡು ವರ್ಷ ಕಳೆಯುವುದರೊಳಗೆ ಅವನ ಹೊಟ್ಟೆಯಲ್ಲಿ ನೀರು. ಬಾಗಲಕೋಟೆಯ ಡಾಕ್ಟರು ಬೈಯಲಿಲ್ಲ, ದಣಿದ ದನಿಯಲ್ಲಿ ಹೇಳಿದರು, ಕಣ್ಣಿನ ಬಣ್ಣ ಹೋಗಿತ್ತವ್ವಾ, ಬ್ಯಾನಿ ಹೋಗಿರಲಿಲ್ಲ, ಮೊದಲೆಲ್ಲಾ ಕಾಮಣಿ ಆಗಿ ಹದಿನೈದು ದಿನದಾಗ ಸಾಯೋರು ಭಾಳ ಬರತಿದ್ರು, ಈಗ ಅವರು ಕಡಿಮಿ, ನಾ ನೋಡಿದಂಗ ಈಗ ಸಾಯೋರೆಲ್ಲಾ ಹಿಂಗ, ಒಳಗ ವೈರಸ್ ಇಟಗೊಂಡು ಆರಾಮ ಅದೇವಂತ ತಿರುಗಿದವರು, ಗಂಡ ಹೆಂಡತಿ ನಡುವನೂ ದಾಟತೈತಿ, ನೀನೂ ರಕ್ತ ತೋರಿಸು, ನಿನಗೂ ಇದ್ದರ ಗುಳಿಗಿ ಅದಾವ. ಹೂಂ ರೀ ಅಂದಿದ್ದಳು. ನಾಳೆ ಹೋಗೋಣ, ಈ ಸೀರೆ ಮಗ್ಗದಿಂದ ಇಳಿಯಲಿ, ಇನ್ನೊಂದು ಇಳಿಯಲಿ — ಇದೆ ಅಂದುಬಿಟ್ಟರೆ? ನಿನ್ನಿಂದನ ಬಂತು ನನ್ನ ಮಗಗ, ಅತ್ತೆ ಅಂದೇ ಅನ್ನುತ್ತಾಳೆ, ಅನ್ನಲಿ, ಅದು ಖರೆಯೇ ಆಗಿದ್ದರೆ? ಇತ್ತೀಚೆಗೆ ಮಧ್ಯಾಹ್ನಕ್ಕೇ ಮಗ್ಗದ ಮುಂದೆ ಕಾಲು ಸೋಲುತ್ತವೆ, ಕೆಲಸದ ದಣಿವು, ದಣಿವೇ, ಕನ್ನಡಿಯಲ್ಲಿ ಬೈತಲೆಯನ್ನಷ್ಟೇ ನೋಡಿ ತಿರುಗಿಬಿಡುತ್ತಾಳೆ — ಬಾಯಿ ತೊಳೆದ ಪ್ರೀತಿ ಬಂದು ಎದುರಿಗೇ ಕುಕ್ಕರಗಾಲಿನಲ್ಲಿ ಕುಳಿತಿದ್ದಾಳೆ, ನಡುವೆ ಹೊಗೆ, ಹೊಗೆಯಾಚೆ ಆ ಕಣ್ಣು, ಬಿಳಿ, ಮಿಟುಕದೆ ಇವಳ ಕಣ್ಣನ್ನೇ —

ಅವ್ವಾ, ನೀ ದಿನಾ ನನ್ನ ಕಣ್ಣ ನೋಡ್ತಿ, ನಿನ್ನ ಕಣ್ಣ ಯಾರ ನೋಡ್ತಾರ?