ನಾಲ್ಕನೆಯ ಹೆಗಲು

“ಮುಟ್ಟೋ. ಮುಟ್ಟಿಬಿಡು. ಮುಟ್ಟದೇ ಹೋದ್ರೆ ಕನಸಲ್ಲಿ ಬರ್ತಾರೆ,” ಎಂದಳು ಅಕ್ಕ ಥಾಮಸಿನ್.

ಉಟ್ರಿಕ್ ನಾಟ್ರಸ್ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಭಾವನ ಹಣೆಯ ಮೇಲಿಟ್ಟ. ಇಪ್ಪತ್ತೈದು ವರ್ಷ ಬೆಳ್ಳಿಯ ಕುಲುಮೆಯೆದುರು ನಿಂತು ಸೀಸದ ಹೊಗೆ ಕುಡಿದ ಕೈ ಅದು. ಮಣಿಕಟ್ಟು ಜೋತುಬಿದ್ದಿತ್ತು, ತಾನಾಗಿ ಮೇಲೇಳುತ್ತಿರಲಿಲ್ಲ. ನಿಕೊಲಸ್ ಪಿಯರ್ಟನ ಹಣೆ ಗಣಿಯ ಗೋಡೆಯಷ್ಟು ತಣ್ಣಗಿತ್ತು. ಅಲ್ಲಿನ ಪದ್ಧತಿಯಂತೆ ಎದೆಯ ಮೇಲಿನ ತಟ್ಟೆಯಲ್ಲಿ ಒಂದು ಹಿಡಿ ಉಪ್ಪಿತ್ತು.

“ಸಣ್ಣಗಾಗಿಬಿಟ್ಟಿದ್ದಾನೆ,” ಎಂದ ಉಟ್ರಿಕ್. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

“ಮೂರು ತಿಂಗಳಿಂದ ಗಂಜಿ ಬಿಟ್ರೆ ಬೇರೇನೂ ಇಳೀಲಿಲ್ಲ,” ಎಂದು ಅಕ್ಕ ಮೇಲಂಗಿಯ ಅಂಚಿನಲ್ಲಿ ಮೂಗು ಒರೆಸಿಕೊಂಡಳು.

ಅಕ್ಕನ ಮನೆಯ ಹೊಸ್ತಿಲನ್ನು ಅವನು ದಾಟಿದ್ದು ಇಪ್ಪತ್ತಾರು ವರ್ಷಗಳಲ್ಲಿ ಇದೇ ಮೊದಲು. ಮೊನ್ನೆ ಸಾವಿನ ಸುದ್ದಿ ಹೊತ್ತು ಮನೆಮನೆ ತಿರುಗುವವನು ಅವನ ಗುಡಿಸಲಿಗೂ ಬಂದು, “ಹೊರೋಕೆ ನೀನೂ ಬರಬೇಕಂತೆ. ಎಡಗಡೆ, ಮುಂದಿನ ಹೆಗಲು. ಸಾಯೋ ಮುಂಚೆ ಅವರೇ ನಿನ್ನ ಹೆಸರು ಹಿಡಿದು ಹೇಳಿದ್ರಂತೆ,” ಎಂದಾಗ ಉಟ್ರಿಕ್ ನಂಬದೆ ಎರಡು ಸಲ ಕೇಳಿದ್ದ. ಸೀಸದ ಗಣಿಗಳ ವೇರ್ ಕಣಿವೆಯಲ್ಲಿ ಹೆಣ ಹೊರಲು ಕರೆಯುವುದು ಸಣ್ಣ ಮಾತಲ್ಲ. ಹೊತ್ತವನು ಆ ಮನೆಯವನಾದ ಹಾಗೆ. ‘ಚಾಡಿಕೋರ’ ಎಂದು ಹೆಸರು ಬಿದ್ದವನನ್ನು ಈವರೆಗೆ ಯಾರೂ ಯಾವ ಹೆಣಕ್ಕೂ ಕರೆದಿರಲಿಲ್ಲ.

ಅಂತೂ ಭಾವ ಸಾಯುವ ಹೊತ್ತಿಗಾದರೂ ನನ್ನನ್ನು ಕ್ಷಮಿಸಿದ, ಇನ್ನು ಊರೂ ಮಾತಾಡಿಸೀತು ಎಂದುಕೊಂಡ ಉಟ್ರಿಕ್. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಗೂ ಹಿಗ್ಗಿದ. ಎಂಥ ಮನುಷ್ಯ ನೋಡಿ! ರಾತ್ರಿ ಪೂರ್ತಿ ಕೋಟನ್ನು ಒಲೆಯ ಹತ್ತಿರ ಒಣಗಿಸಿ, ಬೆಳಗಾಗುವ ಮೊದಲೇ ಹೊರಟು ಎಲ್ಲರಿಗಿಂತ ಮುಂಚೆ ಬಂದಿದ್ದ.

*

ಇಪ್ಪತ್ತಾರು ವರ್ಷದ ಹಿಂದೆ ಅವರು ನಾಲ್ವರು ಒಂದೇ ತಂಡದ ಪಾಲುಗಾರರು. ಹಿರಿಯ ಕತ್ಬರ್ಟ್ ರೇನ್, ರಾಲ್ಫ್ ಕೋಲ್ಟರ್ಡ್, ನಿಕೊಲಸ್, ಎಲ್ಲರಿಗಿಂತ ಕಿರಿಯ ಉಟ್ರಿಕ್. ಮೂರು ತಿಂಗಳಿಗೊಮ್ಮೆ ಒಡೆಯರ ಏಜೆಂಟರು ಗಣಿಯೊಳಗೆ ಬಂದು, ಪ್ರತಿ ತಂಡದ ಜಾಗವನ್ನೂ ನೋಡಿ, ತೆಗೆದ ಅದಿರಿಗೆ ಅಳತೆಗಿಷ್ಟು ಎಂದು ದರ ಕಟ್ಟಿ ಹೋಗುತ್ತಿದ್ದರು. ಬರಡು ಬಂಡೆಯಾದರೆ ಹೆಚ್ಚು ದರ. ಅದಿರು ಕಣ್ಣಿಗೆ ಬಿತ್ತೋ, ಅರ್ಧಕ್ಕರ್ಧ ಕಡಿತ. ಹಾಗಾಗಿ ಒಳ್ಳೆಯ ಅದಿರು ಸಿಕ್ಕ ಗಣಿಯವನು ಮೊದಲು ಹೆದರುತ್ತಿದ್ದ, ಆಮೇಲೆ ಹಿಗ್ಗುತ್ತಿದ್ದ.

ದರ ಕಟ್ಟುವ ದಿನಕ್ಕೆ ಎರಡೇ ದಿನ ಉಳಿದಿರುವಾಗ ಕತ್ಬರ್ಟನ ಪಿಕಾಸಿಗೆ ಗಂಡಸಿನ ಎದೆಯಗಲದ ಸೀಸದ ಪಟ್ಟಿ ಸಿಕ್ಕಿತು. ಮೇಣದಬತ್ತಿ ಹಿಡಿದರೆ ಗೋಡೆಗೋಡೆಯೇ ಹೊಳೆಯುತ್ತಿತ್ತು. ನಾಲ್ವರೂ ಸದ್ದಿಲ್ಲದೆ ಹಸಿ ಜೇಡಿಮಣ್ಣು ತಂದು ಮೆತ್ತಿದರು, ಮೇಲೆ ಕಲ್ಲಿನ ಚೂರು ಒತ್ತಿದರು, ಬತ್ತಿಯ ಮಸಿ ಸವರಿದರು. ಆ ಕಣಿವೆಯಲ್ಲಿ ಎಲ್ಲರೂ ಮಾಡುವ ಕೆಲಸವೇ ಅದು. ಯಾರೂ ಅದನ್ನು ಕಳ್ಳತನ ಎನ್ನುತ್ತಿರಲಿಲ್ಲ.

“ಹೆಂಡ್ತೀರಿಗೂ ಹೇಳ್ಬೇಡಿ,” ಎಂದ ಕತ್ಬರ್ಟ್.

“ನನಗೆ ಹೆಂಡ್ತಿನೇ ಇಲ್ವಲ್ಲ,” ಎಂದ ನಿಕೊಲಸ್.

“ಆಗೋಳಿಗೂ ಹೇಳ್ಬೇಡ.”

ಎಲ್ಲರೂ ನಕ್ಕರು. ಆಗುವವಳು ಥಾಮಸಿನ್ ಎಂದು ಎಲ್ಲರಿಗೂ ಗೊತ್ತಿತ್ತು. ಉಟ್ರಿಕ್ ಎಲ್ಲರಿಗಿಂತ ಜೋರಾಗಿ ನಕ್ಕ.

ಏಜೆಂಟರು ಬಂದರು. ಅವರ ಹಿರಿಯ ಎರಿಂಗ್ಟನ್ ಸಾಹೇಬರು ಅತ್ತಿತ್ತ ನೋಡಲೇ ಇಲ್ಲ. ಸೀದಾ ಆ ಗೋಡೆಯ ಹತ್ತಿರ ಹೋಗಿ ಕೈಯ ಕೋಲಿನಿಂದ ಸರಿಯಾಗಿ ಅದೇ ಜಾಗಕ್ಕೆ ಚುಚ್ಚಿದರು. ಜೇಡಿಮಣ್ಣು ಹೋಳಾಗಿ ದೊಪ್ಪನೆ ಕಾಲ ಬುಡಕ್ಕೆ ಬಿತ್ತು. ಸಾಹೇಬರು ಒಂದು ಮಾತೂ ಬೈಯದೆ, ದರವನ್ನು ಕಾಲುಭಾಗಕ್ಕೆ ಇಳಿಸಿ ಹೊರಟುಹೋದರು.

ಕತ್ಬರ್ಟ್ ಕಿರಿಯವನ ಕಡೆ ತಿರುಗಿದ. “ನಿನ್ನೆ ಸಂಜೆ ಏಜೆಂಟರ ಹಿತ್ತಲಲ್ಲಿ ನಿನ್ನನ್ನ ನೋಡಿದೋರಿದ್ದಾರೆ, ಉಟ್ರಿಕ್.”

“ಅಮ್ಮನ ಕೆಮ್ಮಿಗೆ ಔಷಧಿ ತರೋಕೆ ಹೋಗಿದ್ದೆ. ಅಲ್ಲಿ ಅಡುಗೆಯವಳು ಮಾಡಿಕೊಡ್ತಾಳೆ.” ನಿಜವನ್ನೇ ಹೇಳಿದ. ಆದರೆ ಹೇಳುವಾಗ ಕಿವಿಯವರೆಗೂ ಕೆಂಪಾದ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ,” ಎಂದು ರಾಲ್ಫ್ ಅವನ ಮುಖಕ್ಕೇ ಉಗಿದ.

ಉಟ್ರಿಕ್ ನಿಕೊಲಸನ ಕಡೆ ನೋಡಿದ. ನಾಳೆ ಭಾವನಾಗುವವನು, ಒಂದು ಮಾತಾದರೂ ಆಡಿಯಾನು ಎಂದು ಕಾದ. ನಿಕೊಲಸ್ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ.

ಅಲ್ಲಿಗೆ ಮುಗಿಯಿತು. ಯಾವ ತಂಡವೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಅಮ್ಮ ಆ ಔಷಧಿಯನ್ನು ಒಲೆಯ ಬೂದಿಗೆ ಸುರಿದಳು. “ನನ್ನ ಕೆಮ್ಮಿನ ಹೆಸರಲ್ಲಿ ನಾಲ್ಕು ಮನೆ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೋ,” ಎಂದವಳು ಮತ್ತೆ ಅವನ ಕೈಯಿಂದ ಒಂದು ಲೋಟ ನೀರನ್ನೂ ಇಸಿದುಕೊಳ್ಳಲಿಲ್ಲ. ಥಾಮಸಿನ್ ಮದುವೆಯಾದಾಗ ಅವಳೊಂದಿಗೇ ಹೋಗಿ, ಅವಳ ಮನೆಯಲ್ಲೇ ನಾಲ್ಕು ವರ್ಷ ಇದ್ದು ಸತ್ತಳು.

ಉಟ್ರಿಕ್‌ಗೆ ಉಳಿದದ್ದು ಸೀಸದಿಂದ ಬೆಳ್ಳಿ ತೆಗೆಯುವ ಮನೆ. ಯಾರಿಗೂ ಬೇಡದ ಕೆಲಸ. ಸತ್ತ ದನಕುದುರೆಗಳ ಮೂಳೆ ಸುಟ್ಟು, ಪುಡಿಮಾಡಿ, ನೀರು ಚಿಮುಕಿಸಿ, ಕಬ್ಬಿಣದ ಬಳೆಯೊಳಗೆ ಬಡಿದು ಬಡಿದು ಬೋಗುಣಿ ಮಾಡಬೇಕು. ಅದರಲ್ಲಿ ಸೀಸ ಕರಗಿಸಿ ಮೇಲೆ ತಿದಿಯ ಗಾಳಿ ಬಿಟ್ಟರೆ ಸೀಸವೆಲ್ಲ ಕೆನೆಕಟ್ಟಿ ಹರಿದುಹೋಗಿ, ಹಗಲಿಡೀ ಕಾದ ಮೇಲೆ, ತಳದಲ್ಲಿ ಬೆಳ್ಳಿ ಉಳಿಯುತ್ತದೆ. ಹೊಗೆ ಮಾತ್ರ ಕೆಲಸದವನ ಪಾಲು. ಕೆಲಸ ಅವನಿಗೆ ಚೆನ್ನಾಗಿ ಒಲಿಯಿತು. ಕೊನೆಯ ಸೀಸ ಸರಿದು ಬೆಳ್ಳಿ ಹೊಳೆಯುವ ಗಳಿಗೆಯನ್ನು ಅವನಷ್ಟು ಸರಿಯಾಗಿ ಹೇಳುವವರು ಕಣಿವೆಯಲ್ಲೇ ಇರಲಿಲ್ಲ.

ನಿಕೊಲಸ್ ಎರಡು ವರ್ಷಕ್ಕೆ ಕಿರಿಯ ಏಜೆಂಟನಾದ. ಓದುಬರಹ ಬಲ್ಲವನು, ಆಗಲಿ ಬಿಡಿ ಎಂದಿತು ಊರು. ಬೆಳ್ಳಿ ತೂಗಿಸಿಕೊಳ್ಳಲು ಬಂದಾಗ ಉಟ್ರಿಕ್‌ನ ಜೊತೆ ಕೆಲಸದ ಮಾತಷ್ಟೇ ಆಡುತ್ತಿದ್ದ. ಆದರೆ ಪ್ರತಿ ಕ್ರಿಸ್‌ಮಸ್‌ಗೂ ಅವನ ಗುಡಿಸಲಿಗೆ ಒಂದು ಉಂಡೆ ಚೀಸ್ ಕಳಿಸುತ್ತಿದ್ದ. ಊರೆಲ್ಲ ಉಗಿದವನಿಗೂ ದಯೆ ತೋರಿಸುತ್ತಾನಲ್ಲ, ದೊಡ್ಡ ಮನುಷ್ಯ ಎಂದು ಉಟ್ರಿಕ್ ಅದನ್ನು ತೆಳ್ಳಗೆ ಕೊಯ್ದು ಕೊಯ್ದು ಫೆಬ್ರವರಿಯವರೆಗೆ ತಿನ್ನುತ್ತಿದ್ದ.

*

ಜನ ತುಂಬಿದರು. ಸಾವಿನ ಮನೆಯ ಬ್ರೆಡ್ಡು, ಬಿಸಿ ಮಾಡಿದ ಬಿಯರು ಕೈಯಿಂದ ಕೈಗೆ ಹೋಯಿತು. ಹಳೆಯ ಪಾಲುಗಾರರಲ್ಲಿ ಉಳಿದಿದ್ದವನು ರಾಲ್ಫ್ ಒಬ್ಬನೇ. ಅವನು ಮಗ ಆಂಟನಿಯ ಜೊತೆ ಬಾಗಿಲ ಬಳಿ ನಿಂತಿದ್ದ. ಉಟ್ರಿಕ್‌ನನ್ನು ನೋಡಿ ಗದ್ದ ಅಲ್ಲಾಡಿಸಿದ. ಅಷ್ಟಕ್ಕೇ ಉಟ್ರಿಕ್‌ನ ಎದೆ ತುಂಬಿಬಂತು.

ಅಷ್ಟರಲ್ಲಿ ಎರಿಂಗ್ಟನ್ ಸಾಹೇಬರು ಬಂದರು. ಎಂಬತ್ತು ದಾಟಿದವರು, ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಅವರು ಒಳಗೆ ಬಂದರೆ ಗಂಡಸರ ಟೋಪಿ ತಾನಾಗಿ ಕೆಳಗಿಳಿಯುತ್ತಿತ್ತು. ಹೆಣದ ತಲೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ಒಂದು ಗುಟುಕು ಕುಡಿದು, ಎಲ್ಲರನ್ನೂ ಸುತ್ತ ನೋಡಿದರು.

“ಒಂದು ಮಾತು ಇಪ್ಪತ್ತಾರು ವರ್ಷದಿಂದ ಹೊಟ್ಟೇಲಿಟ್ಕೊಂಡಿದ್ದೀನಿ,” ಎಂದರು. “ನೀನು ಬದುಕಿರೋವರೆಗೂ ಬಾಯಿ ಬಿಡಲ್ಲ ಅಂತ ನಿಕೊಲಸ್‌ಗೆ ಭಾಷೆ ಕೊಟ್ಟಿದ್ದೆ. ಈಗ ಹೇಳಬಹುದು. ಇವನ ಯೋಗ್ಯತೆ ನಿಮಗೆಲ್ಲ ಗೊತ್ತಾಗಬೇಕು. ಇವನಿನ್ನೂ ಪಿಕಾಸಿ ಹಿಡಿಯೋ ಹುಡುಗ. ಪಾಲುಗಾರರೆಲ್ಲ ಸೇರಿ ಒಳ್ಳೇ ಅದಿರಿಗೆ ಜೇಡಿಮಣ್ಣು ಮೆತ್ತಿ ಬಚ್ಚಿಟ್ಟಿದ್ರು. ಇವನು ತಾನಾಗಿ ನನ್ನ ಹತ್ರ ಬಂದ. ಟೋಪಿ ಕೈಲಿ ಹಿಡ್ಕೊಂಡು ನಡುಗ್ತಾ ನಿಂತು, ಎಷ್ಟನೇ ಮಾರಿಗೆ, ಯಾವ ಕಲ್ಲಿನ ಪಕ್ಕ, ಎಲ್ಲ ಹೇಳ್ದ. ಉಪ್ಪು ತಿಂದ ಮನೆಗೆ ಎರಡು ಬಗೆಯದವನು! ಆವತ್ತೇ ಅಂದ್ಕೊಂಡೆ, ಇವನನ್ನ ಮೇಲೆ ತರಬೇಕು ಅಂತ.”

ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ನೋಡುತ್ತಿದ್ದರು. ಅದನ್ನು ಸಾಹೇಬರು ದುಃಖವೆಂದೇ ತಿಳಿದರು, ತಾವೂ ಕಣ್ಣೊರೆಸಿಕೊಂಡರು. ಹೊಗಳಿ ಮುಗಿಸಿದ ಸಮಾಧಾನದಲ್ಲಿ ಆಳಿನ ತೋಳು ಹಿಡಿದು ಎದ್ದು, ಕುದುರೆ ಹತ್ತಿ ಹೊರಟುಹೋದರು.

ಉಟ್ರಿಕ್‌ನ ಕಿವಿಯಲ್ಲಿ ತಿದಿ ಊದಿದ ಹಾಗೆ ಸದ್ದಾಗುತ್ತಿತ್ತು. ಅವನು ಜನರ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಗೆ ಹೋದ. ಅಕ್ಕ ಬ್ರೆಡ್ಡು ಕೊಯ್ಯುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಲಿಲ್ಲ. ಆಗಲೇ ಅವನಿಗೆ ಅರ್ಥವಾಯಿತು. ಆದರೂ ಕೇಳಿದ.

“ನಿನಗೆ ಗೊತ್ತಿತ್ತಾ?”

“ಕೂತ್ಕೋ. ಏನಾದ್ರೂ ತಿನ್ನು.”

“ಗೊತ್ತಿತ್ತಾ ಅಕ್ಕ?”

“ಮದುವೆಯಾದ ಚಳಿಗಾಲದಲ್ಲೇ ಹೇಳಿದ್ರು.” ಚಾಕು ನಿಂತಿತು. “ಅತ್ಕೊಂಡೇ ಹೇಳಿದ್ರು ಕಣೋ. ಕೆಟ್ಟ ಮನುಷ್ಯ ಅಲ್ಲ ಅವರು. ಮದುವೆ ಮಾಡ್ಕೋಬೇಕು, ಮನೆ ಕಟ್ಟಬೇಕು, ಹಾಗೇ ಇದ್ರೆ ಸಾಯೋವರೆಗೂ ಗಣೀಲೇ ಅಂತ ಹೆದರಿಬಿಟ್ರು. ನಿನ್ನ ಮೇಲೆ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ.”

“ಬಂತಲ್ಲ.”

“ಬಂತು. ಬಂದ್ಮೇಲೆ ನಾನೇನ್ ಮಾಡ್ಲಿ? ಹೊಟ್ಟೇಲಿ ಮಗು ಇತ್ತು. ಹೇಳಿದ್ರೆ ನಮ್ಮನ್ನ ಕಲ್ಲು ಹೊಡೆದು ಓಡಿಸ್ತಿದ್ರು. ನೀನು ಒಂಟಿ, ಹೇಗೋ ತಡ್ಕೋತೀಯ ಅಂದ್ಕೊಂಡೆ.”

“ತಡ್ಕೊಂಡೆ,” ಎಂದ ಉಟ್ರಿಕ್. “ನನಗೆ ಹೆಣ್ಣು ಕೊಡೋರು ಸಿಗ್ಲಿಲ್ಲ, ಒಂಟಿಯಾಗೇ ಉಳಿದೆ. ಅದಿರಲಿ. ಅಮ್ಮ ಇದೇ ಮನೇಲಿ ನಾಲ್ಕು ವರ್ಷ ಇದ್ಲು. ಬಾಗಿಲ ಹೊರಗೆ ನಿಂತು ಕರೆದ್ರೆ ಗೋಡೆ ಕಡೆ ಮುಖ ತಿರುಗಿಸ್ತಿದ್ಲು. ಸಾಯೋ ದಿನವೂ ತಿರುಗಿಸಿದ್ಲು. ಅಮ್ಮಂಗೆ ಒಬ್ಬಳಿಗಾದ್ರೂ ಹೇಳಬಹುದಿತ್ತಲ್ಲೇ ಅಕ್ಕ! ಕಿವಿಯಲ್ಲಿ ಹೇಳಿದ್ರೆ ಸಾಕಿತ್ತು. ಸಾಯೋಳು ಯಾರಿಗೆ ಹೇಳ್ತಿದ್ಲು?”

ಥಾಮಸಿನ್ ಕೊಯ್ದ ಬ್ರೆಡ್ಡಿನ ಚೂರುಗಳನ್ನು ಸಾಲಾಗಿ ಜೋಡಿಸಿದಳು. ಕೊನೆಗೆ, “ಇವತ್ತೊಂದು ದಿನ ಗಲಾಟೆ ಮಾಡ್ಬೇಡಪ್ಪ. ಮಣ್ಣಾಗ್ಲಿ,” ಎಂದಳು.

*

ಅಂಗಳದಲ್ಲಿ ಪೆಟ್ಟಿಗೆಯನ್ನು ಎರಡು ಮುಕ್ಕಾಲಿಗಳ ಮೇಲೆ ಇಟ್ಟಿದ್ದರು. ಜನ ಸುತ್ತ ನಿಂತಿದ್ದರು. ಉಟ್ರಿಕ್ ಸೀದಾ ರಾಲ್ಫನೆದುರು ಹೋಗಿ ನಿಂತ. ಇಪ್ಪತ್ತಾರು ವರ್ಷ ಕನಸಿನಲ್ಲಿ ಕಂಡ ಗಳಿಗೆ ಇದು. ಕನಸಿನಲ್ಲಿ ರಾಲ್ಫ್ ಯಾವಾಗಲೂ ಟೋಪಿ ತೆಗೆಯುತ್ತಿದ್ದ.

“ಕೇಳಿಸ್ತಾ ರಾಲ್ಫ್?”

“ಕೇಳಿಸ್ತು. ನಾನೇನು ಕಿವುಡ ಅಲ್ಲ.”

“ಹಾಗಾದ್ರೆ ಏನಾದ್ರೂ ಹೇಳು.”

“ಏನ್ ಹೇಳ್ಲಿ ಮಾರಾಯ? ಹೇಳಬೇಕಾದೋನು ಕತ್ಬರ್ಟ್. ಅವನು ಹೋಗಿ ಹತ್ತು ವರ್ಷ ಆಯ್ತು.”

“ನನ್ನ ಮುಖಕ್ಕೆ ಉಗಿದೋನು ನೀನು.”

“ಉಗಿದೆ. ಆಗ ಬಿಸಿರಕ್ತ. ಆಗ ಈ ವಿಷಯ ಗೊತ್ತಾಗಿದ್ರೆ ನಿಕೊಲಸ್‌ನ ಹೊಳೆಗೆ ತಳ್ತಿದ್ವಿ, ಸುಳ್ಳ್ಯಾಕೆ ಹೇಳ್ಲಿ?” ರಾಲ್ಫ್ ಕೆಮ್ಮಿ, ಕಫ ಉಗುಳಿ, ದನಿ ಇಳಿಸಿದ. “ಈಗ ಹೇಳು ನೋಡೋಣ. ನನ್ನ ಕಾಲು ಮುರಿದಾಗ ಚಳಿಗಾಲ ಪೂರ್ತಿ ಬೆಚ್ಚಗೆ ಕೂರೋ ಕೆಲಸ ಕೊಡ್ಸಿದ್ದು ಯಾರು? ನಮ್ಮ ಆಂಟನಿಗೆ ಒಳ್ಳೇ ಜಾಗ ಹಾಕಿಕೊಟ್ಟಿದ್ದು ಯಾರು? ಆಮೇಲಾಮೇಲೆ ಅವನು ಜೇಡಿಮಣ್ಣು ಕಂಡರೂ ಕಾಣದ ಹಾಗೆ ಹೋಗ್ತಿದ್ದ ಗೊತ್ತಾ? ಇಲ್ಲಿ ನಿಂತಿರೋರಲ್ಲಿ ಅವನಿಂದ ಉಪಕಾರ ಆಗದೇ ಇರೋನು ಒಬ್ಬನಿದ್ರೆ ತೋರ್ಸು.”

“ನಾನಿದ್ದೀನಿ.”

“ನಿನಗೂ ಚೀಸ್ ಬರ್ತಿತ್ತಲ್ಲೋ!”

ಹಿಂದೆ ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಉಟ್ರಿಕ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಅಲ್ಲಿ ಕೋಪವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಹಳೇ ಮಾತು, ಈಗ್ಯಾಕೆ ಎಂಬ ಬೇಸರವಿತ್ತು, ಅಷ್ಟೆ. ಅವನ ಹೆಸರು ಅವನಿಗೆ ವಾಪಸು ಬಂದಿತ್ತು, ಆದರೆ ಅದನ್ನು ಕೈನೀಡಿ ಕೊಡುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಒಬ್ಬ ಬಡವ ಮಾಡಿದ್ದರೆ ಅದು ಚಾಡಿ. ದರ ಕಟ್ಟುವವನು ಮಾಡಿದ್ದರೆ ಹಳೇ ಮಾತು!

“ಮೋಡ ಕಟ್ತಿದೆ. ಎತ್ರಪ್ಪಾ,” ಎಂದ ರಾಲ್ಫ್.

ಎತ್ತಿದರು. ಉಟ್ರಿಕ್ ಯಾಕೆ ಹೆಗಲು ಕೊಟ್ಟನೋ ಅವನಿಗೇ ಗೊತ್ತಾಗಲಿಲ್ಲ. ಬಲಗಡೆ ರಾಲ್ಫ್ ನಿಂತ, ಹಿಂದೆ ಗಣಿಯ ಇಬ್ಬರು ನಿಂತರು, ಎಡ ಮುಂದಿನ ಜಾಗ ಖಾಲಿಯಿತ್ತು. ಹೊರಲೆಂದೇ ಒಗೆದು ಒಣಗಿಸಿದ ಕೋಟು ಮೈಮೇಲಿತ್ತು. ಕಾಲು ತಾನಾಗಿ ಹೋಯಿತು.

ಚರ್ಚಿಗೆ ಗುಡ್ಡದ ಮೇಲಿನ ದಾರಿ, ಎರಡು ಗಂಟೆಯ ನಡಿಗೆ. ಸೋತವನ ಬದಲು ಇನ್ನೊಬ್ಬ ಹೆಗಲು ಕೊಡಲೆಂದು ಹತ್ತಾರು ಗಂಡಸರು ಹಿಂದೆ ಬರುತ್ತಿದ್ದರು. ಅವರ ಹಿಂದೆ ಹೆಂಗಸರು. ಪೆಟ್ಟಿಗೆಯ ಹಲಗೆ ಉಟ್ರಿಕ್‌ನ ಕಿವಿಗೆ ಒತ್ತುತ್ತಿತ್ತು. ಒಳಗಿನವನ ತಲೆ ಅಲ್ಲೇ, ಒಂದು ಗೇಣು ದೂರದಲ್ಲಿತ್ತು.

“ಕ್ಷಮೆ ಬೇಕಿತ್ತಾ ಭಾವ?” ಎಂದ ಮೆಲ್ಲಗೆ. “ಕೇಳಬಹುದಿತ್ತಲ್ಲ. ಬೆಳ್ಳಿ ತೂಗ್ತಾ ಎಷ್ಟು ಸಲ ನನ್ನೆದುರು ನಿಂತಿದ್ದೆ. ಬಾಯಿತ್ತಲ್ಲ ನಿನಗೆ.”

ಹತ್ತು ಹೆಜ್ಜೆ ನಡೆದ.

“ಬಾಯಿ ಬಿಟ್ಟು ಒಂದು ಮಾತು ಕೇಳಲಾಗ್ಲಿಲ್ಲ. ಸತ್ತ ಮೇಲೂ ಹೊರೋಕೆ ಮಾತ್ರ ನಾನೇ ಬೇಕಾದೆ. ಹೊರಲ್ಲ, ಹೋಗೋ!”

ಕಡಿದಾದ ಏರಿನ ನಟ್ಟನಡುವೆ ಉಟ್ರಿಕ್ ಮೊಣಕಾಲು ಬಗ್ಗಿಸಿ ಪೆಟ್ಟಿಗೆಯಡಿಯಿಂದ ಪಕ್ಕಕ್ಕೆ ಸರಿದುಬಿಟ್ಟ. ದಾರಿಯಂಚಿನ ಹುಲ್ಲಿನಲ್ಲಿ ನಿಂತು ಕಾದ. ಪೆಟ್ಟಿಗೆ ವಾಲಬೇಕು, ಕೂಗಾಗಬೇಕು, ಮೆರವಣಿಗೆ ನಿಲ್ಲಬೇಕು, ಯಾಕೋ ಉಟ್ರಿಕ್ ಎಂದು ಒಬ್ಬನಾದರೂ ಕೇಳಬೇಕು. ಆಗ ಹೇಳುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ ಎಂದುಕೊಂಡ.

ಹಿಂದಿನಿಂದ ಆಂಟನಿ ಎರಡು ದಾಪುಗಾಲು ಹಾಕಿ ಬಂದು ಖಾಲಿ ಜಾಗಕ್ಕೆ ಹೆಗಲು ಕೊಟ್ಟ.

“ಪಾಪ, ಸುಸ್ತಾಯ್ತು ಅನ್ಸುತ್ತೆ,” ಎಂದ ರಾಲ್ಫ್, ತಿರುಗಿ ನೋಡದೆ.

ಗಂಡಸರು ದಾಟಿಹೋದರು. ಹೆಂಗಸರು ಬಂದರು. ಥಾಮಸಿನ್ ಅವನ ಹತ್ತಿರ ಬಂದಾಗ ಒಂದು ಗಳಿಗೆ ಹೆಜ್ಜೆ ನಿಧಾನಿಸಿ, ಎಲ್ಲರಿಗೂ ಕೇಳುವಂತೆ, “ಮೆಲ್ಲಗೆ ಬಾಪ್ಪ, ಅವಸರ ಇಲ್ಲ,” ಎಂದು ಮುಂದೆ ನಡೆದಳು.

ಉಟ್ರಿಕ್ ಜೋತುಬಿದ್ದ ಕೈಯನ್ನು ಇಳಿಬಿಟ್ಟು ನಿಂತಿದ್ದ. ಮೇಲೆ ಏರಿನಲ್ಲಿ ಪೆಟ್ಟಿಗೆ ನಾಲ್ಕು ಹೆಗಲ ಮೇಲೆ, ಎಳ್ಳಷ್ಟೂ ವಾಲದೆ, ಗುಡ್ಡ ಹತ್ತಿ ಆಚೆಗೆ ಇಳಿಯಿತು.